ಕೀಲಿಗಳ ಸಂಜ್ಞೆ

ಪಾಣಿನಿಯ ವ್ಯಾಕರಣದಲ್ಲಿ 'ಅಚ್' ಎಂದರೆ ಸ್ವರಗಳೆಲ್ಲವೂ, 'ಹಲ್' ಎಂದರೆ ವ್ಯಂಜನಗಳೆಲ್ಲವೂ ಆಗುತ್ತವೆ. ಪದೇ ಪದೇ ಹೇಳಬೇಕಾದುದಕ್ಕೆ ಕಿರುಗುರುತೊಂದನ್ನು ಕಟ್ಟಿಕೊಳ್ಳುವುದೇ ಸಂಜ್ಞೆ. ಗಣಕಯಂತ್ರದ ಮುಂದೆ ಕುಳಿತವರಿಗೂ ಇದೇ ಅಗತ್ಯ ಒದಗುತ್ತದೆ.

ಪರದೆಯ ಚಿತ್ರಗಳನ್ನು ಒತ್ತುವ ಬದಲು ಆಜ್ಞೆಗಳನ್ನು ಬರೆದೇ ಕೆಲಸ ಮಾಡಿಸುವ ಕ್ರಮವೊಂದುಂಟು. ಆ ಆಜ್ಞೆಗಳನ್ನು ಓದಿ ನಡೆಸುವ ಮಧ್ಯವರ್ತಿಗೆ 'ಶೆಲ್' ಎಂದು ಹೆಸರು. ಬ್ರಯನ್ ಫಾಕ್ಸ್ 1989ರಲ್ಲಿ ಹೊರತಂದ 'ಬ್ಯಾಶ್' ಇವುಗಳಲ್ಲಿ ಬಹು ಬಳಕೆಯದು. ಅಲ್ಲಿ ನಾವು ಬರೆಯುವ ಸಾಲನ್ನು ತಿದ್ದುವ ಹೊಣೆ 'ರೀಡ್‌ಲೈನ್' ಎಂಬ ಉಪಾಂಗದ್ದು. ಕಂಟ್ರೋಲ್ ಕೀಲಿಯೊಡನೆ ಎ ಒತ್ತಿದರೆ ಸಾಲಿನ ಆರಂಭಕ್ಕೆ, ಇ ಒತ್ತಿದರೆ ಅಂತ್ಯಕ್ಕೆ ಹೋಗಬಹುದು. ಡಬ್ಲ್ಯೂ ಒತ್ತಿದರೆ ಹಿಂದಿನ ಪದಕ್ಕೆ ಲೋಪ. ಇವು ಸಿದ್ಧವಾಗಿಯೇ ಬರುವ ರೂಢಿಗಳು.

ಹಳಗನ್ನಡ ಪಠ್ಯಗಳಲ್ಲಿ ಪದಪ್ರಯೋಗಗಳನ್ನು ಹುಡುಕಲು ನಾನು ಈ ಕ್ರಮವನ್ನು ಅವಲಂಬಿಸಿದ್ದೇನೆ. ಆದರೆ ಉದ್ದುದ್ದದ ಆಜ್ಞೆಗಳನ್ನು ಮತ್ತೆ ಮತ್ತೆ ಬರೆಯುವುದು ಸಂಧಿವಾತ ಹಿಡಿದ ಬೆರಳುಗಳಿಗೆ ಶಿಕ್ಷೆಯೇ ಸರಿ. ರೂಢಿಯನ್ನು ಇಟ್ಟವರಿಗೆ ನನ್ನ ಬೆರಳುಗಳ ಪಾಡು ತಿಳಿದಿರಲು ಸಾಧ್ಯವಿಲ್ಲ. ಆದುದರಿಂದಲೇ ಅವರು ಒಂದು ಬಾಗಿಲನ್ನು ತೆರೆದಿಟ್ಟಿದ್ದಾರೆ.

ಆ ಬಾಗಿಲು 'ಡಾಟ್ ಇನ್‌ಪುಟ್‌ಆರ್‌ಸಿ' ಎಂಬ ಪುಟ್ಟ ಕಡತ. ಅದರ ಒಂದೊಂದು ಸಾಲಿನಲ್ಲಿ ಎಡಕ್ಕೆ ಕೀಲಿಯ ಗುರುತು, ನಡುವೆ ಎರಡು ಚುಕ್ಕೆ, ಬಲಕ್ಕೆ ಕ್ರಿಯೆಯ ಹೆಸರು. ಮೇಲ್ಮುಖ ಬಾಣದ ಕೀಲಿಗೆ ನಾನು 'ಹಿಸ್ಟರಿ-ಸರ್ಚ್-ಬ್ಯಾಕ್‌ವರ್ಡ್' ಎಂಬ ಕ್ರಿಯೆಯನ್ನು ಜೋಡಿಸಿದ್ದೇನೆ. ಈಗ ಎರಡಕ್ಷರ ಬರೆದು ಬಾಣವನ್ನು ಒತ್ತಿದರೆ ಸಾಕು, ಹಾಗೆ ಆರಂಭವಾಗುವ ಹಿಂದಿನ ಆಜ್ಞೆಗಳು ಒಂದೊಂದಾಗಿ ಮರಳಿ ಬರುತ್ತವೆ.

ಈ ಸ್ವಾತಂತ್ರ್ಯಕ್ಕೂ ಎಲ್ಲೆಯುಂಟು. ಶೆಲ್‌ಗೆ ತಲುಪುವುದು ಕೀಲಿಯಲ್ಲ, ಅದು ಕಳಿಸುವ ಸಂಕೇತ. ಐ ಎಂಬುದು ಇಂಗ್ಲಿಷ್ ವರ್ಣಮಾಲೆಯ 9ನೆಯ ಅಕ್ಷರ. ಕಂಟ್ರೋಲ್‌ನೊಡನೆ ಅದನ್ನು ಒತ್ತಿದರೆ ಹೋಗುವ ಸಂಕೇತವೂ 9. ಟ್ಯಾಬ್ ಕೀಲಿಯದೂ ಅದೇ. ಎಮ್ 13ನೆಯದು, ಎಂಟರ್ ಕೀಲಿಯ ಸಂಕೇತವೂ 13. ಆದಕಾರಣ ಕಂಟ್ರೋಲ್-ಐಗೆ ಬೇರೆ ಅರ್ಥ ಕೊಟ್ಟವನು, ಪದವನ್ನು ತಾನೇ ಪೂರ್ಣಗೊಳಿಸಿಕೊಡುವ ಟ್ಯಾಬಿನ ಉಪಕಾರವನ್ನು ಕಳೆದುಕೊಳ್ಳುತ್ತಾನೆ. ಬಾಹ್ಯರೂಪ ಎರಡಾದರೂ ಧಾತು ಒಂದೇ.

ಮತ್ತೊಂದು ಮಾತು. ನನ್ನ ಸಂಜ್ಞೆಗಳು ನನ್ನ ಯಂತ್ರಕ್ಕೆ ಮಾತ್ರ ತಿಳಿದಿವೆ. ಇನ್ನೊಬ್ಬರ ಮನೆಯ ಯಂತ್ರದಲ್ಲಿ ಬಾಣದ ಕೀಲಿ ತನ್ನ ಹಳೆಯ ಅರ್ಥವನ್ನೇ ಹೇಳುತ್ತದೆ. ಆದ್ದರಿಂದ ಎಲ್ಲರ ರೂಢಿಯನ್ನು ಮೊದಲು ಕಲಿತು, ಎಲ್ಲಿ ಕೈ ನೋಯುವುದೋ ಅಲ್ಲಿ ಮಾತ್ರ ಅದನ್ನು ಮೀರುವುದು ಒಳ್ಳೆಯದು.