ಅಜ್ಜ ಕುಯ್ದ ಹಸಿರು ಕಾಯಿ

ಹೋದ ತಿಂಗಳು ಅಕ್ಕನ ಮಗ ಶಾಲೆಯಿಂದ ಡ್ರಾಯಿಂಗ್ ಪುಸ್ತಕ ತಂದ. ಒಂದನೇ ಕ್ಲಾಸು. ಒಂದು ಮರ ಬರೆದಿದ್ದ. ಎಲೆಗೆಲ್ಲ ಕಂದು ಬಣ್ಣ, ಕಾಂಡಕ್ಕೆ ಹಸಿರು. ಕೆಳಗೆ ಟೀಚರ್ ‘ಗಮನವಿಲ್ಲ’ ಅಂತ ಬರೆದಿದ್ದರು. ಅಕ್ಕ ಗದರಿಸುತ್ತಿದ್ದಳು, ಅವನು ಅಳುತ್ತಿದ್ದ. ನಾನು ಪುಸ್ತಕ ತಗೊಂಡು ನೋಡಿದೆ. ನನಗೆ ಆ ಚಿತ್ರದಲ್ಲಿ ತಪ್ಪೇ ಕಾಣಲಿಲ್ಲ.

“ಚೆನ್ನಾಗೇ ಇದೆಯಲ್ಲೇ?” ಅಂದೆ. ಅಕ್ಕ ನನ್ನ ಮುಖ ನೋಡಿದವಳು ಹಾಗೇ ಸುಮ್ಮನಾದಳು.

ನನಗೆ ಕೆಂಪು-ಹಸಿರು ವರ್ಣಾಂಧತೆ ಇದೆ. ಬಣ್ಣಗುರುಡು ಅಂತಾರೆ. ಆದರೆ ನನಗೆ ಲೋಕ ಕಪ್ಪು-ಬಿಳುಪಾಗಿ ಕಾಣಲ್ಲ (ಈ ಪ್ರಶ್ನೆಗೆ ಉತ್ತರ ಕೊಟ್ಟು ಸಾಕಾಗಿದೆ). ನೀಲಿ, ಹಳದಿ ಚೆನ್ನಾಗೇ ಕಾಣುತ್ತವೆ. ಕಂದು, ಹಸಿರು, ಕೆಂಪಿನ ಕೆಲವು ಛಾಯೆಗಳು ಒಂದರೊಳಗೊಂದು ಸೇರಿಹೋಗುತ್ತವೆ, ಅಷ್ಟೇ. ಪವರ್‌ಬ್ಯಾಂಕ್ ಚಾರ್ಜ್ ಆಯಿತೋ ಇಲ್ಲವೋ ಅಂತ ಪಕ್ಕದವರನ್ನು ಕೇಳಬೇಕು. ಒಮ್ಮೆ ಆಫೀಸಿನಲ್ಲಿ ಸರ್ವರ್ ಡ್ಯಾಶ್‌ಬೋರ್ಡ್ ನೋಡಿ “ಎಲ್ಲ ಸರಿ ಇದೆ” ಅಂದಿದ್ದೆ. ಅಲ್ಲಿದ್ದ ಚುಕ್ಕಿ ಕೆಂಪು. ಆಮೇಲೆ ಚುಕ್ಕಿಗಳ ಪಕ್ಕ ಅಕ್ಷರವನ್ನೂ ಹಾಕಿಸಿದೆವು.

ಇದು ಗೊತ್ತಾದದ್ದು ಇಂಜಿನಿಯರಿಂಗ್ ಮುಗಿದ ವರ್ಷ. ಒಂದು ಸರ್ಕಾರಿ ಕೆಲಸದ ಬರವಣಿಗೆ ಪರೀಕ್ಷೆ ಪಾಸಾಗಿ ವೈದ್ಯಕೀಯ ಪರೀಕ್ಷೆಗೆ ಹೋಗಿದ್ದೆ. ಬಣ್ಣದ ಚುಕ್ಕಿಗಳ ಮಧ್ಯೆ ಅಂಕಿ ಅಡಗಿರುವ ಪುಸ್ತಕ ಕೊಟ್ಟರು. ಅದು 1917ರಲ್ಲಿ ಜಪಾನಿನ ವೈದ್ಯ ಶಿನೋಬು ಇಶಿಹಾರ ಪ್ರಕಟಿಸಿದ ಪರೀಕ್ಷೆ, ಇಂದಿಗೂ ಅದೇ ಚಾಲ್ತಿಯಲ್ಲಿದೆ. ಮೊದಲ ಪುಟದ ಅಂಕಿ ಓದಿದೆ. ಮುಂದಿನವುಗಳಲ್ಲಿ ನನಗೆ ಕಂಡದ್ದು ಬರೀ ಚುಕ್ಕಿ. ಕೆಲಸ ಹೋಯಿತು. ಮನೆಗೆ ಬಂದಾಗ ಬಂಧುಗಳೊಬ್ಬರು “ಇದು ತಾಯಿ ಕಡೆಯಿಂದ್ಲೇ ಬರೋದು” ಅಂದರು. ಅಮ್ಮ ಏನೂ ಹೇಳದೆ ಒಳಗೆ ಹೋದರು. ಆಮೇಲೆ ಎಷ್ಟೋ ವರ್ಷ ನಮ್ಮನೆಯಲ್ಲಿ ಈ ವಿಷಯವನ್ನು ಯಾರೂ ಎತ್ತಲಿಲ್ಲ.

ಬಂಧುಗಳು ಹೇಳಿದ್ದು ನಿಜವೇ. ಆದರೆ ಅದು ಅರ್ಧ ನಿಜ. ಉಳಿದರ್ಧ ತಿಳಿದದ್ದು ಈ ಡ್ರಾಯಿಂಗ್ ಪುಸ್ತಕದ ಗಲಾಟೆಯ ವಾರವೇ. ಚಿಕ್ಕಮ್ಮನ ಮಗಳು ಸೆಕೆಂಡ್ ಪಿಯುಸಿ ಬಯಾಲಜಿ ಪುಸ್ತಕ ಹಿಡಿದು ನಮ್ಮನೆಗೆ ಬಂದಿದ್ದಳು. ಅವಳ ಪಾಠದಲ್ಲಿ ಉದಾಹರಣೆಯಾಗಿ ಇದ್ದದ್ದೇ ವರ್ಣಾಂಧತೆ. “ಅಣ್ಣಾ, ನೀನೇ ನನ್ನ ಪ್ರಾಕ್ಟಿಕಲ್” ಅಂತ ಊಟದ ಮೇಜಿನ ಮೇಲೆ ಹಾಳೆ ಹರಡಿದಳು. ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ, ವರ್ಣಾಂಧತೆ ಇದ್ದವರಿಗೆ ತುಂಬಿದ ಚೌಕ.

ಅವಳು ವಿವರಿಸಿದ್ದು ಹೀಗೆ. ಕೆಂಪು ಮತ್ತು ಹಸಿರನ್ನು ಗ್ರಹಿಸುವ ಜೀನ್‌ಗಳು ಇರುವುದು ಎಕ್ಸ್ ವರ್ಣತಂತುವಿನಲ್ಲಿ. ಹೆಣ್ಣಿಗೆ ಎರಡು ಎಕ್ಸ್. ಒಂದು ಕೆಟ್ಟರೆ ಇನ್ನೊಂದು ಬ್ಯಾಕಪ್ ಇರುತ್ತೆ. ಗಂಡಿಗೆ ಒಂದು ಎಕ್ಸ್, ಒಂದು ವೈ, ಬ್ಯಾಕಪ್ ಇಲ್ಲ. ಯುರೋಪ್ ಮೂಲದವರಲ್ಲಿ ಸುಮಾರು 12 ಗಂಡಸರಲ್ಲಿ ಒಬ್ಬರಿಗೆ ಇದು ಇದ್ದರೆ, ಹೆಂಗಸರಲ್ಲಿ ಇರುವುದು ಸುಮಾರು 200ರಲ್ಲಿ ಒಬ್ಬರಿಗೆ. ಮಗನಿಗೆ ಅಪ್ಪ ಕೊಡುವುದು ವೈ, ಆದ್ದರಿಂದ ಮಗನ ಎಕ್ಸ್ ಯಾವತ್ತೂ ಅಮ್ಮನದೇ. ಬಂಧುಗಳ ಮಾತು ಇಲ್ಲಿಗೆ ನಿಂತಿತ್ತು.

“ಆದ್ರೆ ದೊಡ್ಡಮ್ಮನಿಗೆ ಎಲ್ಲಿಂದ ಬಂತು?” ಅಂದಳು. ಅಮ್ಮ ಬಾಗಿಲ ಹತ್ತಿರ ನಿಂತು ಬೀನ್ಸ್ ಸೋಸುತ್ತಿದ್ದರು. “ದೊಡ್ಡಮ್ಮ, ಅಜ್ಜನಿಗೂ ಹೀಗೆ ಇತ್ತಾ?”

ಅಮ್ಮ ಬೀನ್ಸ್ ಪಕ್ಕಕ್ಕಿಟ್ಟು ಬಂದು ಕೂತರು.

ಅಜ್ಜ ಕೊಪ್ಪದ ಕಡೆ ಕಾಫಿ ತೋಟದಲ್ಲಿ ಕೂಲಿಗೆ ಹೋಗುತ್ತಿದ್ದವರು. ಕಾಫಿ ಒಂದೇ ದಿನ ಹಣ್ಣಾಗಲ್ಲ. ಒಂದೇ ರೆಕ್ಕೆಯಲ್ಲಿ ಕೆಂಪು ಹಣ್ಣು, ಹಸಿರು ಕಾಯಿ ಎರಡೂ ಇರುತ್ತವೆ, ಹಣ್ಣನ್ನಷ್ಟೇ ಆರಿಸಿ ಕುಯ್ಯಬೇಕು. ಕಾಯಿ ಬೆರೆತರೆ ಕಾಫಿಯ ರುಚಿ ಕೆಡುತ್ತೆ. ಅಜ್ಜನ ಬುಟ್ಟಿಯಲ್ಲಿ ಯಾವಾಗಲೂ ಹಸಿರು ಕಾಯಿ ಜಾಸ್ತಿ. ರೈಟರು ಎಲ್ಲರ ಎದುರಿಗೇ ಬುಟ್ಟಿ ಸುರಿದು ಬೈಯುತ್ತಿದ್ದರಂತೆ. ಒಂದೆರಡು ಸಲ ಕೂಲಿಯನ್ನೂ ಹಿಡಿದುಕೊಂಡರಂತೆ. ಆಮೇಲೆ ಅಜ್ಜ ಪ್ರತಿ ಕಾಯನ್ನೂ ಬೆರಳಲ್ಲಿ ಒತ್ತಿ, ಮೆತ್ತಗಿದ್ದರೆ ಮಾತ್ರ ಕೀಳಲು ಶುರು ಮಾಡಿದರು. ಕಾಯಿ ಬರುವುದು ನಿಂತಿತು, ಆದರೆ ಕೆಲಸ ನಿಧಾನವಾಯಿತು. ಆಗ ಸೋಮಾರಿ ಅನ್ನಿಸಿಕೊಂಡರು. ಕೊನೆಗೆ ಕುಯ್ಲು ಬಿಟ್ಟು ಗುಂಡಿ ತೆಗೆಯುವ ಕೆಲಸಕ್ಕೆ ಹೋದರು.

“ನಾವೂ ಮನೇಲಿ ನಗ್ತಿದ್ವಿ” ಅಂದರು ಅಮ್ಮ. “ಅಪ್ಪಯ್ಯನಿಗೆ ಹಣ್ಣು ಮೆಣಸಿನಕಾಯಿ ತರೋಕೆ ಕಳಿಸಿದ್ರೆ ಹಸಿ ತರ್ತಾರೆ ಅಂತ.”

ಅಜ್ಜನನ್ನು ಯಾರೂ ಪರೀಕ್ಷೆ ಮಾಡಿಸಿದವರಿಲ್ಲ, ಈಗ ಅವರೂ ಇಲ್ಲ. ಆದರೆ ತಂಗಿಯ ಹಾಳೆಯಲ್ಲಿ ಲೆಕ್ಕ ಕೂಡಿಬಂತು. ಅಜ್ಜನ ಚೌಕ ತುಂಬಿದಳು. ಅಜ್ಜನಿಗಿದ್ದದ್ದು ಒಂದೇ ಎಕ್ಸ್, ಅದು ಅವರ ಎಲ್ಲ ಹೆಣ್ಣುಮಕ್ಕಳಿಗೂ ಹೋಗಲೇಬೇಕು. ಅಂದರೆ ಅಮ್ಮ, ಚಿಕ್ಕಮ್ಮ ಇಬ್ಬರೂ ಖಂಡಿತ ವಾಹಕರು. ಸೋದರಮಾವನಿಗೆ ಹೋದದ್ದು ವೈ, ಅವರ ಮಕ್ಕಳಿಗೆ ಅಜ್ಜನ ಈ ಆಸ್ತಿಯಲ್ಲಿ ಪಾಲಿಲ್ಲ. ವಾಹಕ ತಾಯಿಯ ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ಅರ್ಧಕ್ಕರ್ಧ. ‘ಇಬ್ಬರಲ್ಲಿ ಒಬ್ಬರಿಗೆ’ ಅಂತ ಅಲ್ಲ, ನಾಣ್ಯಕ್ಕೆ ಹಿಂದಿನ ಸಲ ಏನು ಬಿತ್ತು ಅಂತ ನೆನಪಿರಲ್ಲವಲ್ಲ. ನನಗೆ ಬಂತು, ಅಕ್ಕನಿಗೂ ಬಂತು. ಅಕ್ಕನಿಗೆ ಬ್ಯಾಕಪ್ ಇತ್ತು, ಅದಕ್ಕೆ 34 ವರ್ಷ ಗೊತ್ತೇ ಆಗಲಿಲ್ಲ. ಕೊನೆಗೆ ತಂಗಿ ತನ್ನ ವೃತ್ತದ ಪಕ್ಕ ಒಂದು ಪ್ರಶ್ನೆ ಚಿಹ್ನೆ ಹಾಕಿಕೊಂಡಳು.

ಅವಳು ಮಲಗಿದ ಮೇಲೆ ನಾನು ಕೂತು ಓದಿದೆ. ಯಾಕೆ ಇಷ್ಟು ಜನಕ್ಕೆ ಈ ತೊಂದರೆ ಅನ್ನುವುದಕ್ಕೆ ಸಿಕ್ಕ ಉತ್ತರ, ಕೋಡ್ ಬರೆಯುವವನಿಗೆ ಚೆನ್ನಾಗಿ ಗೊತ್ತಿರುವಂಥದ್ದೇ: ಕಾಪಿ-ಪೇಸ್ಟ್. ನಾಯಿ, ಹಸು ಸೇರಿದಂತೆ ಹೆಚ್ಚಿನ ಸಸ್ತನಿಗಳಿಗೆ ಬಣ್ಣ ಗುರುತಿಸಲು ಎರಡೇ ಬಗೆಯ ಶಂಕುಕೋಶ. ಸುಮಾರು 3ರಿಂದ 4 ಕೋಟಿ ವರ್ಷಗಳ ಹಿಂದೆ, ಆಫ್ರಿಕಾ-ಏಷ್ಯಾದ ಕೋತಿಗಳಿಗೂ ನಮಗೂ ಹಿರಿಯರಾದ ಪ್ರಾಣಿಗಳಲ್ಲಿ ಎಕ್ಸ್ ಮೇಲಿನ ಒಂದು ಜೀನ್ ನಕಲಾಯಿತು. ಮೂಲ ಪಕ್ಕದಲ್ಲೇ ನಕಲು. ಆಮೇಲೆ ಎರಡರಲ್ಲೂ ಸಣ್ಣಪುಟ್ಟ ಬದಲಾವಣೆಗಳಾಗಿ ಒಂದು ಕೆಂಪಿನ ಕಡೆಗೆ, ಒಂದು ಹಸಿರಿನ ಕಡೆಗೆ ವಾಲಿದವು. ಹಸಿರು ಎಲೆಗಳ ನಡುವೆ ಹಣ್ಣು, ಕೆಂಪು ಚಿಗುರು ಎದ್ದು ಕಾಣತೊಡಗಿದವು. ಅಂಥ ಕಣ್ಣಿದ್ದವರಿಗೆ ಹೊಟ್ಟೆ ತುಂಬುವುದು ಸುಲಭವಾಯಿತು ಅನ್ನುವುದು ವಿಜ್ಞಾನಿಗಳ ಊಹೆ. ಹಾಗಿದ್ದರೆ, ಕೆಂಪು ಹಣ್ಣು ಆರಿಸಲೆಂದೇ ಬಂದ ಕಣ್ಣದು. ಅಜ್ಜನಿಗೆ ಕೈಕೊಟ್ಟದ್ದೂ ಅಲ್ಲೇ.

1986ರಲ್ಲಿ ಜೆರೆಮಿ ನೇಥನ್ಸ್ ಮತ್ತವರ ಸಂಗಡಿಗರು ಈ ಜೀನ್‌ಗಳನ್ನು ಬೇರ್ಪಡಿಸಿ ಓದಿದರು. ನೇಥನ್ಸ್ ಅದಕ್ಕೆ ಬಳಸಿದ್ದು ತಮ್ಮದೇ ಡಿಎನ್‌ಎ! ಕೆಂಪಿನದಕ್ಕೂ ಹಸಿರಿನದಕ್ಕೂ ವ್ಯತ್ಯಾಸ ತೀರಾ ಅಲ್ಪ, ಎರಡೂ ತಯಾರಿಸುವ ಪ್ರೋಟೀನುಗಳು ಶೇಕಡ 96ರಷ್ಟು ಒಂದೇ. ತೊಂದರೆ ಇರುವುದೇ ಅಲ್ಲಿ. ಹೆಣ್ಣಿನಲ್ಲಿ ಅಂಡಾಣು ತಯಾರಾಗುವಾಗ ಎರಡು ಎಕ್ಸ್‌ಗಳು ಜೋಡಿಯಾಗಿ ನಿಂತು ತುಂಡುಗಳನ್ನು ಅದಲುಬದಲು ಮಾಡಿಕೊಳ್ಳುತ್ತವೆ. ಅಕ್ಕಪಕ್ಕದ ಜೀನ್‌ಗಳು ಇಷ್ಟು ಹೋಲುವುದರಿಂದ ಜೋಡಣೆ ಆಗಾಗ ಒಂದು ಮನೆ ಆಚೀಚೆ ಆಗುತ್ತೆ. ಒಂದು ಎಕ್ಸ್‌ಗೆ ಒಂದು ಜೀನ್ ಹೆಚ್ಚು, ಇನ್ನೊಂದಕ್ಕೆ ಕಡಿಮೆ, ಇಲ್ಲವೇ ಎರಡೂ ಬೆರೆತ ಜೀನ್. ಹೀಗೆ ನಮ್ಮ ವಂಶದ ಯಾವುದೋ ಅಜ್ಜಿಯ ಅಜ್ಜಿಯಲ್ಲಿ ಆಗಿರಬೇಕು. ಅದು ಯಾರ ತಪ್ಪು ಅಂತ ಹೇಳ್ತೀರಿ?

ಓದುತ್ತಾ ಇನ್ನೊಂದು ವಿಷಯ ಸಿಕ್ಕಿತು. ಮಧ್ಯ ಅಮೆರಿಕ ಕಡೆಯ ಕಾಪುಚಿನ್ ಕೋತಿಗಳಲ್ಲಿ ಎರಡು ಬಣ್ಣದ ಕಣ್ಣಿನವು, ಎಲೆ-ತೊಗಟೆಯ ಬಣ್ಣದಲ್ಲಿ ಅಡಗಿದ ಹುಳುಗಳನ್ನು ಹಿಡಿಯುವುದರಲ್ಲಿ ಮೂರು ಬಣ್ಣದವನ್ನು ಮೀರಿಸುತ್ತವಂತೆ. ಬೆಳಿಗ್ಗೆ ಹೇಳಿದಾಗ ಅಮ್ಮ ತಟ್ಟನೆ “ಗಿಡದಲ್ಲಿ ಹಸಿರು ಹಾವು ಇದ್ರೆ ಮೊದಲು ಕಾಣ್ತಿದ್ದದ್ದು ಅಪ್ಪಯ್ಯನಿಗೇ” ಅಂದರು. ಎರಡಕ್ಕೂ ಸಂಬಂಧ ಕಟ್ಟುವುದು ಅವಸರವಾದೀತು. ಆದರೂ ಅಮ್ಮನ ಮುಖ ನೋಡಿ ನಾನು ತಿದ್ದಲಿಲ್ಲ.

ಅಂದಹಾಗೆ ನನ್ನ ಮದುವೆ ನಿಶ್ಚಯವಾಗಿದೆ. ಹುಡುಗಿಗೆ ಎಲ್ಲ ಹೇಳಿದೆ: ಗಂಡುಮಕ್ಕಳಿಗೆ ನನ್ನಿಂದ ಇದು ಬರಲ್ಲ, ಹೆಣ್ಣುಮಕ್ಕಳೆಲ್ಲ ವಾಹಕರಾಗ್ತಾರೆ. ಅವಳು ಸ್ವಲ್ಪ ಹೊತ್ತು ಯೋಚಿಸಿ, “ಸೀರೆ ಆರಿಸೋಕೆ ನಿಮ್ಮನ್ನ ಕರ್ಕೊಂಡು ಹೋಗ್ಬಾರ್ದು ಅಷ್ಟೇ ತಾನೇ?” ಅಂದಳು.

ನಿಮ್ಮ ಮನೆಯಲ್ಲೂ ಎಲೆಗೆ ಕಂದು ಬಳಿಯುವ ಹುಡುಗ ಇದ್ದರೆ ಗದರುವ ಮೊದಲು ಕಣ್ಣಿನ ಡಾಕ್ಟರ ಹತ್ತಿರ ಕರ್ಕೊಂಡು ಹೋಗಿ, ಹತ್ತು ನಿಮಿಷದ ಕೆಲಸ. ಗುಣವಾಗುವ ಔಷಧಿ ಇಲ್ಲ. ಆದರೆ ಬೇಗ ಗೊತ್ತಾದರೆ ಓದು, ಕೆಲಸ ಆರಿಸಿಕೊಳ್ಳುವಾಗ ನನ್ನ ಹಾಗೆ ಕೊನೇ ಗಳಿಗೆಯಲ್ಲಿ ಬೀಳಬೇಕಾಗಿಲ್ಲ. ನಿಯಮಗಳೂ ಸ್ವಲ್ಪ ಸಡಿಲವಾಗಿವೆ. ಅಲ್ಪ ಮತ್ತು ಮಧ್ಯಮ ಪ್ರಮಾಣದ ವರ್ಣಾಂಧತೆ ಇರುವವರಿಗೂ ಡ್ರೈವಿಂಗ್ ಲೈಸೆನ್ಸ್ ಸಿಗುವಂತೆ 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ತಿದ್ದುಪಡಿ ತಂದಿತು.

ಅಕ್ಕನ ಮಗನ ಪರೀಕ್ಷೆಯೂ ಆಯಿತು. ಮೊದಲ ಪುಟದ ಅಂಕಿ ಓದಿದ, ಮುಂದಿನದರಲ್ಲಿ ನನ್ನ ಹಾಗೇ ಬರೀ ಚುಕ್ಕಿ. ಅಕ್ಕ ಶಾಲೆಗೆ ಹೋಗಿ ಟೀಚರಿಗೆ ಹೇಳಿಬಂದಳು, ಅವರು ಪಾಪ ತಾವೇ ನೊಂದುಕೊಂಡರಂತೆ. ಭಾನುವಾರ ಅಮ್ಮ ಕನ್ನಡಕ ಹಾಕಿಕೊಂಡು ಕೂತು, ಪೆಟ್ಟಿಗೆಯ ಒಂದೊಂದು ಕ್ರೇಯಾನ್‌ಗೂ ಚೀಟಿ ಸುತ್ತಿ ದಪ್ಪ ಅಕ್ಷರದಲ್ಲಿ ಬಣ್ಣದ ಹೆಸರು ಬರೆದರು. ಇನ್ನೊಂದು ಪೆಟ್ಟಿಗೆ ತರೋಕೆ ನನಗೆ ಹೇಳಿದ್ದಾರೆ, ಅದು ಮನೆಗೆ.