ಕಡಲೆಕಾಯಿಯ ಕಣಜ

ಕಾರ್ತಿಕದ ಕಡೆಯ ಸೋಮವಾರ ಬೆಂಗಳೂರಿನ ಬಸವನಗುಡಿಯಲ್ಲಿ ನೆರೆಯುವ ಕಡಲೆಕಾಯಿ ಪರಿಷೆಯನ್ನು ತಮ್ಮಲ್ಲಿ ಅನೇಕರು ಕಂಡಿರಬಹುದು. ರಸ್ತೆಯ ಎರಡು ಬದಿಗೂ ಸುರಿದ ರಾಶಿಗಳ ನಡುವೆ ನಡೆದು, ಸೇರುಗಟ್ಟಲೆ ಹಸಿಗಾಯಿ ಕೊಂಡು, ಬೇಯಿಸಿ ತಿಂದು ಮುಗಿಸುವ ನಮಗೆ, ಇದೇ ಕಾಯಿ ರೈತನ ಮನೆಯಲ್ಲಿ ಮುಂದಿನ ಮುಂಗಾರಿನವರೆಗೆ ಏಳೆಂಟು ತಿಂಗಳು ಬದುಕಿರಬೇಕೆಂಬುದು ಹೊಳೆಯುವುದಿಲ್ಲ. ಬದುಕಿರಬೇಕು ಎಂದು ಬೇಕೆಂದೇ ಹೇಳಿದೆ. ಕಾಳು ಜಡವಸ್ತುವಲ್ಲ, ಚೀಲದೊಳಗಿದ್ದಾಗಲೂ ಅದು ಮೆಲ್ಲಗೆ ಉಸಿರಾಡುತ್ತಿರುತ್ತದೆ. ಆ ಉಸಿರು ಎಷ್ಟು ಮೆಲ್ಲಗಿದ್ದರೆ ಅಷ್ಟು ಕ್ಷೇಮ.

ನಾನು ಬೆಳೆದದ್ದು ಎಣ್ಣೆ ಗಿರಣಿಗಳಿಗೆ ಹೆಸರಾದ ಚಳ್ಳಕೆರೆಯ ಸೀಮೆಯಲ್ಲಿ. ನಮ್ಮದು ಕೆಂಪು ಮರಳು ನೆಲ; ಮಳೆಯನ್ನೇ ನಂಬಿದ ಬೇಸಾಯ. ಒಂದು ವರ್ಷ ಬೆಳೆ ಬೆಳೆಯುವಾಗ ಬಾರದ ಮಳೆ, ಗಿಡ ಕಿತ್ತು ಹೊಲದಲ್ಲಿ ಹರಡಿದ ಮೇಲೆ ಬಂದಿತು. ಮೂರು ದಿನ ಜಡಿ. ಅಲ್ಪಸ್ವಲ್ಪ ಬಿಸಿಲು ಕಂಡೊಡನೆ ನಮ್ಮ ತಂದೆಯವರು ಕಾಯಿ ಬಿಡಿಸಿ ಗಾಡಿಗೆ ತುಂಬಿಸಿ ನಡುಮನೆಯಲ್ಲಿ ರಾಶಿ ಹಾಕಿಸಿದರು. ಹೊರಗೆ ಬಿಟ್ಟರೆ ಮತ್ತೆ ಮಳೆಯ ಭಯ, ಕಳ್ಳರ ಭಯ, ಸಾಲ ಕೊಟ್ಟವರು ಬಂದು ನೋಡುತ್ತಾರೆಂಬ ಭಯ. ನಾಲ್ಕನೆಯ ದಿನ ನಮ್ಮ ಅಜ್ಜಿ ಆ ರಾಶಿಯೊಳಗೆ ಮೊಳಕೈವರೆಗೆ ಕೈ ತೂರಿಸಿ, ತೆಗೆದು, ಅಂಗೈಯನ್ನು ನನ್ನ ಕೆನ್ನೆಗೆ ಹಿಡಿದಳು. ಬೆಚ್ಚಗಿತ್ತು. “ರಾಶಿಗೆ ಜ್ವರ ಬಂದಿದೆ, ಹರವಿರಿ” ಎಂದಳು. ಹರವಲು ಜಾಗವಿರಲಿಲ್ಲ. ಯುಗಾದಿಯ ಹೊತ್ತಿಗೆ ಒಂದು ಭಾಗ ಕಾಯಿಯೊಳಗೆ ಕಪ್ಪು, ಒಂದು ಭಾಗ ಕಮಟು. ಮಾರುವಂತಿದ್ದುದನ್ನು ಮಾರಿದೆವು, ಮಾರಲಾಗದುದನ್ನು ಗಾಣಕ್ಕೆ ಹಾಕಿಸಿ ಹಿಂಡಿಯನ್ನು ಎಮ್ಮೆಗೆ ಇಟ್ಟೆವು, ಬಿತ್ತಿದುದರಲ್ಲಿ ಅರ್ಧ ಮೊಳೆಯಲಿಲ್ಲ. ಎಮ್ಮೆಯ ಹಾಲನ್ನು ನಾವು ಕುಡಿದೆವು.

ಆ ಹಾಲಿನ ಮಾತಿಗೆ ಆಮೇಲೆ ಬರುತ್ತೇನೆ. ಮೊದಲು ಅಜ್ಜಿಯ ‘ಜ್ವರ’ದ ಅರ್ಥವೇನೆಂದು ನೋಡೋಣ. ನೆಲದಿಂದ ಆಗತಾನೆ ಕಿತ್ತ ಕಡಲೆಕಾಯಿಯ ತೂಕದಲ್ಲಿ ನೂರಕ್ಕೆ ೩೫ರಿಂದ ೫೦ ಭಾಗ ನೀರೇ. ಒದ್ದೆ ಕಾಳು ಏದುಸಿರು ಬಿಡುತ್ತದೆ. ಉಸಿರಿನಿಂದ ಶಾಖ ಮತ್ತು ತೇವ ಹುಟ್ಟುತ್ತವೆ. ರಾಶಿಯ ನಡುವಿನಿಂದ ಅವು ಹೊರಬೀಳಲಾರವು. ಆ ತೇವದಿಂದ ಉಸಿರು ಇನ್ನೂ ಹೆಚ್ಚುತ್ತದೆ. ಅಷ್ಟರಲ್ಲಿ ಬೂಷ್ಟು ಬಂದು ಸೇರಿ ತನ್ನ ಶಾಖವನ್ನೂ ಕೂಡಿಸುತ್ತದೆ. ಈ ಸುಳಿಯನ್ನು ಮುರಿಯಬೇಕಾದರೆ ಕಾಯಿಯ ತೇವ ನೂರಕ್ಕೆ ಎಂಟು ಒಂಬತ್ತಕ್ಕೆ, ಸುಲಿದ ಬೀಜವಾದರೆ ಏಳಕ್ಕೆ ಇಳಿಯಬೇಕು.

ಜೋಳ, ರಾಗಿಗಳು ಹನ್ನೆರಡರ ತೇವದಲ್ಲಿ ಹಾಯಾಗಿರುವಾಗ ಕಡಲೆಬೀಜಕ್ಕೆ ಮಾತ್ರ ಏಳರ ಕಟ್ಟು ಏಕೆ? ಉತ್ತರ ಸರಳವಾಗಿದೆ. ಎಣ್ಣೆ ನೀರನ್ನು ಸೇರಿಸುವುದಿಲ್ಲ. ನೂರು ತೊಲ ಬೀಜದಲ್ಲಿ ಸುಮಾರು ೪೮ ತೊಲ ಎಣ್ಣೆಯೆಂದುಕೊಳ್ಳಿ. ಇರುವ ಏಳು ತೊಲ ನೀರೂ ಉಳಿದ ಭಾಗದಲ್ಲೇ ಇಕ್ಕಟ್ಟಾಗಿ ಕುಳಿತಿರಬೇಕು. ಎಣ್ಣೆಯನ್ನು ಬದಿಗಿಟ್ಟರೆ ೫೨ರಲ್ಲಿ ೭. ನೂರಕ್ಕೆ ಹದಿಮೂರನ್ನು ಮೀರಿತು. ಬೂಷ್ಟಿನ ಲೆಕ್ಕಕ್ಕೆ ಅದು ಜೋಳಕ್ಕಿಂತ ಒಣಗಿದ ಕಾಳೇನೂ ಅಲ್ಲ. ನೋಡಲು ಒಣಗಿದಂತೆ ಕಾಣುವ ಎಣ್ಣೆಕಾಳಿನಲ್ಲಿ ರೈತ ಮೋಸಹೋಗುವುದು ಇಲ್ಲಿ. ಎಣ್ಣೆ ಹೆಚ್ಚಿದಷ್ಟೂ ಕಟ್ಟು ಬಿಗಿ: ಎಳ್ಳಿಗೆ ಐದಾರು ಭಾಗದ ತೇವವೇ ಮೇರೆ. ಆದರೆ ಎಳ್ಳಿನ ಎಣ್ಣೆಗೆ ತನ್ನದೇ ರಕ್ಷೆಯ ದ್ರವ್ಯಗಳಿರುವುದರಿಂದ ಅದು ಬೇಗ ಕಮಟುವುದಿಲ್ಲ. ಸೂರ್ಯಕಾಂತಿ, ಅಗಸೆಗಳಿಗೆ ಆ ಭಾಗ್ಯವಿಲ್ಲ.

ನಮ್ಮ ಹಿರಿಯರು ರಾಗಿ, ಜೋಳಗಳನ್ನು ಹಗೇವಿನಲ್ಲಿ ಹೂತು ವರ್ಷಗಟ್ಟಲೆ ಕಾಯುತ್ತಿದ್ದರು. ತೆಗೆಯುವ ದಿನ ಮೊದಲು ದೀಪ ಇಳಿಬಿಟ್ಟು, ಅದು ಆರಲಿಲ್ಲವೆಂದ ಮೇಲೆಯೇ ಆಳು ಇಳಿಯುತ್ತಿದ್ದ. ಕಾಳಿನ ಉಸಿರು ಗಾಳಿಯನ್ನು ಕೆಡಿಸಿರುತ್ತಿತ್ತು. ಕಡಲೆಕಾಯಿಯನ್ನು ಹಗೇವಿಗೆ ಹಾಕಿದ್ದನ್ನು ನಾನು ಕಂಡಿಲ್ಲ. ನೆಲದ ತಂಪು ತೇವ ಅದಕ್ಕೆ ಆಗದೆಂದು ಅವರಿಗೆ ಗೊತ್ತಿದ್ದಿರಬೇಕು. ಅಲ್ಲದೆ ಅದಕ್ಕೆ ಬೇರೆ ಕಣಜ ಏತಕ್ಕೆ? ಸಿಪ್ಪೆಯೇ ಕಣಜ. ಹಿಟ್ಟಿನ ಕೆಂಪು ಹುಳುವಾಗಲಿ, ಅಕ್ಕಿಯ ಪತಂಗವಾಗಲಿ ಒಡೆಯದ ಸಿಪ್ಪೆಯನ್ನು ಭೇದಿಸಲು ಹೆಣಗುತ್ತದೆ. ಬಿತ್ತನೆಯ ಕಾಯಿಯನ್ನು ಬಿತ್ತುವುದಕ್ಕೆ ಒಂದೆರಡು ವಾರ ಮುಂಚೆ ಮಾತ್ರ ಸುಲಿಯಬೇಕೆಂಬುದು ಈ ಕಾರಣಕ್ಕೆ.

ಒಂದು ಶತ್ರು ಮಾತ್ರ ಈ ಕೋಟೆಗೆ ಅಂಜುವುದಿಲ್ಲ. ಕಾಯಿಯ ಮೇಲೆ ಮೊಟ್ಟೆಯನ್ನು ಅಂಟಿಸಿ ಹೋಗುವ ಒಂದು ಕಂದು ಜೀರುಂಡೆಯದು ಆ ಧೈರ್ಯ. ಮರಿ ಹುಳು ಸಿಪ್ಪೆಯನ್ನು ಕೊರೆದು ನೇರವಾಗಿ ಬೀಜಕ್ಕೆ ಇಳಿಯುತ್ತದೆ. ಈ ಜೀರುಂಡೆ ಹುಣಸೆಯ ಕಾಯಿಯಲ್ಲೂ ಸಂಸಾರ ಹೂಡುತ್ತದೆ. ನಮ್ಮ ಊರುಗಳಲ್ಲಿ ಕಾಯಿಯ ರಾಶಿಗೆ ನೆರಳು ಬೇಕೆಂದರೆ ಹುಣಸೆಮರವೇ; ಅಟ್ಟದ ಮೇಲೆ ಹುಣಸೆಹಣ್ಣು, ಕೆಳಗೆ ಕಡಲೆಚೀಲ! ನಾವೇ ಬಾಗಿಲು ತೆರೆದು ಕರೆದಂತೆ. ನೆಂಟಸ್ತಿಕೆಯ ಈ ಗುಟ್ಟು ತಿಳಿದ ಮೇಲೆ ನಾನು ನಮ್ಮ ಮನೆಯವರೊಡನೆ ಎಷ್ಟು ಜಗಳವಾಡಿದೆನೋ ಲೆಕ್ಕವಿಲ್ಲ. ಹುಣಸೆ ಕದಲಲಿಲ್ಲ, ಕಡಲೆ ಕದಲಿತು.

ಇನ್ನು ಹಾಲಿನ ಮಾತು. ೧೯೬೦ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಮೀರಿದ ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತವು. ಹುಡುಕುತ್ತ ಹೋದಾಗ ಸಿಕ್ಕಿದ್ದು ಅವುಗಳ ಮೇವಿನಲ್ಲಿದ್ದ, ಬ್ರೆಜಿಲ್‌ನಿಂದ ಬಂದ ಕಡಲೆಕಾಯಿ ಹಿಂಡಿ. ಹಿಂಡಿಯಲ್ಲಿ ಹಳದಿ ಹಸುರಿನ ಒಂದು ಬೂಷ್ಟು ಬಿಟ್ಟುಹೋದ ವಿಷ. ಅಸ್ಪರ್ಜಿಲಸ್ ಫ್ಲೇವಸ್ ಎಂಬ ಆ ಬೂಷ್ಟಿನ ಹೆಸರನ್ನೇ ಮೊಟಕುಮಾಡಿ ವಿಷಕ್ಕೆ ಅಫ್ಲಟಾಕ್ಸಿನ್ ಎಂದು ಕರೆದರು. ಯಕೃತ್ತಿಗೆ ಅದು ಪರಮಶತ್ರು. ಸ್ವಲ್ಪ ಸ್ವಲ್ಪವೇ ಬಹುಕಾಲ ಸೇರಿದರೆ ಅರ್ಬುದಕ್ಕೂ ದಾರಿ. ೧೯೭೪ರಲ್ಲಿ ರಾಜಸ್ಥಾನ, ಗುಜರಾತುಗಳ ಬಾಂಸವಾಡ, ಪಂಚಮಹಲ್ ಪ್ರಾಂತಗಳಲ್ಲಿ ನೂರಕ್ಕೂ ಹೆಚ್ಚು ಜನ ತೀರಿಕೊಂಡರು. ಅಲ್ಲಿಯದು ಎಣ್ಣೆಕಾಳಲ್ಲ, ಮೆಕ್ಕೆಜೋಳ. ಆದರೆ ಕಥೆ ನಮ್ಮ ನಡುಮನೆಯದೇ—ಕೊಯ್ಲಿನ ಹೊತ್ತಿಗೆ ಅಕಾಲದ ಮಳೆ, ಒಣಗದ ಕಾಳು, ಹಸಿದ ಮನೆ.

ಈ ವಿಷ ಬೇಯಿಸಿದರೂ ಹುರಿದರೂ ಪೂರ್ಣವಾಗಿ ಅಳಿಯದು. ಕಾಳನ್ನು ಹಿಂಡಿದಾಗ ಬಹುಪಾಲು ಹಿಂಡಿಯಲ್ಲೇ ಉಳಿಯುತ್ತದೆ. ಎಣ್ಣೆಗೆ ಇಳಿದ ಅಲ್ಪ ಭಾಗ ದೊಡ್ಡ ಕಾರ್ಖಾನೆಗಳ ಶುದ್ಧೀಕರಣದಲ್ಲಿ ಹೋಗುತ್ತದೆ. ಗಾಣದ ಎಣ್ಣೆಗೆ ಆ ಸಂಸ್ಕಾರವಿಲ್ಲ. ಪಟ್ಟಣದಲ್ಲಿ ಅದರ ರುಚಿಯನ್ನು ಮೆಚ್ಚಿ ಕೊಳ್ಳುವವರು ಗಾಣದ ಮರ ಯಾವುದೆಂದು ಕೇಳುವುದಕ್ಕಿಂತ ಕಾಳು ಎಂಥದೆಂದು ಕೇಳುವುದು ಲೇಸು. ಹಿಂಡಿಯನ್ನು ತಿಂದ ಹಸು ಎಮ್ಮೆಗಳು ವಿಷದ ಒಂದಂಶವನ್ನು, ತುಸು ರೂಪ ಬದಲಿಸಿ, ಹಾಲಿಗೆ ದಾಟಿಸುತ್ತವೆ. ಆ ವರ್ಷ ನಮ್ಮ ಲೋಟಗಳಲ್ಲಿ ಎಷ್ಟಿತ್ತೋ. ನಮ್ಮ ಅಜ್ಜಿ ಮೂಸಿ ನೋಡಿಯೇ ಹಾಲು ಕಾಯಿಸುತ್ತಿದ್ದವಳು, ಇದಕ್ಕೆ ವಾಸನೆಯಿಲ್ಲ.

ಬೂಷ್ಟು ಮಣ್ಣಿನಲ್ಲೇ ಇರುವುದರಿಂದ, ಕಾಯಿ ಬಲಿಯುವಾಗ ಬರ ಬಿದ್ದರೆ ಹೊಲದಲ್ಲೇ ಒಳಹೊಗುವುದುಂಟು. ಅದಕ್ಕೆ ಉಗ್ರಾಣ ಹೊಣೆಯಲ್ಲ. ಆದರೆ ಒಳಹೊಕ್ಕ ಒಂದನ್ನು ನೂರಾಗಿಸುವುದು ಮನೆಯ ತೇವ. ಕಿತ್ತ ಗಿಡವನ್ನು ಬುಡ ಮೇಲಾಗಿ, ಕಾಯಿ ನೆಲಕ್ಕೆ ತಾಗದಂತೆ ಸಾಲಿಡಬೇಕು. ಗುದ್ದಲಿ ತಾಗಿ ಒಡೆದುದನ್ನೂ, ಎಳೆಯದನ್ನೂ, ಸುಕ್ಕಿದುದನ್ನೂ ಅಲ್ಲಿಯೇ ಆರಿಸಿ ತೆಗೆಯಬೇಕು. ಒಡೆದ ಒಂದು ಕಾಯಿ ಇಡೀ ಚೀಲಕ್ಕೆ ಬಾಗಿಲು. ಚೀಲಗಳನ್ನು ಹಲಗೆಯ ಮೇಲೆ, ಗೋಡೆಯಿಂದ ಒಂದೆರಡು ಅಡಿ ಬಿಟ್ಟು ಜೋಡಿಸಬೇಕು. ಕೆಸರು ಗೋಡೆಗೆ ಆನಿಸಿದ ಚೀಲ ಆ ಬದಿಯಿಂದಲೇ ಕೆಡುತ್ತದೆ. ಇಷ್ಟನ್ನೂ ಮಾಡಿ ಕೊನೆಗೆ ಕೆಡಿಸಿಕೊಳ್ಳುವವರುಂಟು: ಸುಲಿಯುವ ಮುನ್ನ ಬೀಜ ಒಡೆಯದಿರಲೆಂದು ಕಾಯಿಗೆ ನೀರು ಚಿಮುಕಿಸುವ ಪದ್ಧತಿ ಯಂತ್ರವಿರುವಲ್ಲೂ ಇದೆ, ಬೆರಳಲ್ಲಿ ಸುಲಿಯುವಲ್ಲೂ ಇದೆ. ತಿಂಗಳುಗಟ್ಟಲೆ ಒಣಗಿಸಿ ಗಳಿಸಿದ್ದನ್ನು ಒಂದು ಚೆಂಬು ನೀರಿಗೆ ಒಪ್ಪಿಸಿದಂತಾಯಿತು. ತೂಕಕ್ಕಾಗಿ ನೀರು ಹೊಡೆಯುವವರ ವಿಷಯ ನಾನು ಹೇಳಬೇಕಾಗಿಲ್ಲ.

ಇದೆಲ್ಲ ಗೊತ್ತಿದ್ದೂ ರೈತ ಏಕೆ ತಪ್ಪುತ್ತಾನೆಂದು ಪಟ್ಟಣದ ಮಿತ್ರರು ನನ್ನನ್ನು ಕೇಳುತ್ತಾರೆ. ಒಣಗಿಸುವುದಕ್ಕೆ ಬೇಕಾದದ್ದು ಬಿಸಿಲು, ಕಲ್ಲುಕಣ, ಒಂದು ವಾರ. ಬಿಸಿಲು ದೇವರದು, ಕಣ ಎಲ್ಲರಿಗೂ ಇಲ್ಲ, ವಾರವಂತೂ ಸಾಲಗಾರನಾದವನ ಕೈಯಲ್ಲಿಲ್ಲ. ಒದ್ದೆಕಾಯಿ ಹೆಚ್ಚು ತೂಗುತ್ತದೆ, ಒಣಗಿಸಿದಷ್ಟೂ ತೂಕ ಇಳಿಯುತ್ತದೆ. ಆ ಇಳಿದ ತೂಕಕ್ಕೆ ತಕ್ಕ ಬೆಲೆ ಸಿಗುವುದೆಂಬ ನಂಬಿಕೆ ಇಲ್ಲದವನಿಗೆ ನಾವು ಯಾವ ಬಾಯಿಂದ ಒಣಗಿಸೆಂದು ಹೇಳೋಣ?

ಆ ಕೆಟ್ಟ ವರ್ಷದ ಮರುವರ್ಷ ನಮ್ಮ ತಂದೆಯವರು ಒಂದು ಕೆಲಸ ಮಾಡಿದರು. ಎಲ್ಲವನ್ನೂ ಕಾಯಲಾರೆವೆಂದು ತಿಳಿದು, ಮಾರುವ ಪಾಲನ್ನು ಮಾರಿಬಿಟ್ಟು, ಬಿತ್ತನೆಯ ಆರು ಚೀಲಕ್ಕೆ ಮಾತ್ರ ಕಣ, ಹಲಗೆ, ನಡುಮನೆ ಎಲ್ಲವನ್ನೂ ಕೊಟ್ಟರು. ಸಂಜೆ ಒಂದು ಹಿಡಿ ಕಾಯಿ ತಂದು ಅಜ್ಜಿಯ ಕಿವಿಯ ಬಳಿ ಆಡಿಸುತ್ತಿದ್ದರು. ಒಳಗೆ ಬೀಜ ಗಲಗಲ ಎನ್ನಬೇಕು. ಬೆರಳಲ್ಲಿ ತಿಕ್ಕಿದರೆ ಕೆಂಪು ಹೊಟ್ಟು ಸುಲಭವಾಗಿ ಜಾರಬೇಕು. ಕಣ್ಣು ಮಂಜಾಗಿದ್ದ ಅಜ್ಜಿ ತಲೆಯಾಡಿಸಿ ಬೇಡವೆನ್ನುತ್ತಿದ್ದಳು. ಆರನೆಯ ಸಂಜೆ, “ಈಗ ಕಟ್ಟು” ಎಂದಳು.