ಒಂದೇ ಜಪಾನ್, ಎರಡು ಲಯದ ಕರೆಂಟ್

ಪ್ರಶ್ನೆ: 2011ರ ಭೂಕಂಪದ ನಂತರ ಟೋಕಿಯೊದಲ್ಲಿ ಕರೆಂಟಿಗೆ ಕೊರತೆಯಾದಾಗ ಪಶ್ಚಿಮ ಜಪಾನಿನ ಕಂಪನಿಗಳಿಂದ ಬೇಕಾದಷ್ಟು ವಿದ್ಯುತ್ ಕೊಡಲಾಗಲಿಲ್ಲವೇಕೆ?

ಪೂರ್ವ ಜಪಾನಿನ ಎಸಿ ವಿದ್ಯುತ್ತಿನ ಆವರ್ತನ ಸೆಕೆಂಡಿಗೆ 50, ಒಸಾಕಾ ಇರುವ ಪಶ್ಚಿಮದಲ್ಲಿ 60. 1890ರ ದಶಕದಲ್ಲಿ ಟೋಕಿಯೊದ ಕಂಪನಿ ಜರ್ಮನಿಯಿಂದಲೂ ಒಸಾಕಾದ ಕಂಪನಿ ಅಮೆರಿಕದಿಂದಲೂ ಜನರೇಟರ್ ತರಿಸಿದ್ದರ ಫಲವಿದು. ಕೋಲಾಟದಲ್ಲಿ ಎದುರುಬದುರಿನವರು ಬೇರೆ ಬೇರೆ ಲಯಕ್ಕೆ ಕುಣಿದರೆ ಕೋಲಿಗೆ ಕೋಲು ಕೂಡುವುದಿಲ್ಲ. ಈ ಎರಡು ಜಾಲಗಳನ್ನೂ ಹಾಗೆ ನೇರವಾಗಿ ಬೆಸೆಯಲಾಗದು. ಪರಿವರ್ತಕ ಕೇಂದ್ರದಲ್ಲಿ ಎಸಿಯನ್ನು ಡಿಸಿ ಮಾಡಿ, ಮತ್ತೆ ಆಚೆಯ ಲಯದ ಎಸಿಯಾಗಿಸಿ ದಾಟಿಸಬೇಕು. ಅಂಥ ಕೇಂದ್ರಗಳ ಒಟ್ಟು ಸಾಮರ್ಥ್ಯ ಆಗ ಇದ್ದದ್ದು ಸುಮಾರು 1,000 ಮೆಗಾವ್ಯಾಟ್, ಅಂದರೆ ಒಂದು ದೊಡ್ಡ ಅಣು ರಿಯಾಕ್ಟರಿನಷ್ಟು ಮಾತ್ರ.

ಮೊದಲೇ ದೇಶಕ್ಕೆಲ್ಲ ಒಂದೇ ಆವರ್ತನ ತರಬಹುದಿತ್ತಲ್ಲ ಎಂದು ಕೇಳಬಹುದು. ಅರ್ಧ ದೇಶದ ಜನರೇಟರು, ಟ್ರಾನ್ಸ್‌ಫಾರ್ಮರು, ಕಾರ್ಖಾನೆಯ ಮೋಟಾರುಗಳನ್ನು ಬದಲಿಸುವ ಖರ್ಚು ವಿಪರೀತ, ನಿಜ. ಆದರೆ ಪರಿವರ್ತಕ ಕೇಂದ್ರಗಳನ್ನು ಹೆಚ್ಚಿಸಲು ಅಷ್ಟು ಖರ್ಚು ಬೇಕಿರಲಿಲ್ಲ. ನನ್ನ ದೃಷ್ಟಿಯಲ್ಲಿ ಇಲ್ಲಿ ಯಂತ್ರಕ್ಕಿಂತ ಹೆಚ್ಚು ಅಡ್ಡ ಬಂದದ್ದು 1951ರ ಏರ್ಪಾಡು. ದೇಶವನ್ನು 9 ಪ್ರಾದೇಶಿಕ ಕಂಪನಿಗಳಿಗೆ ಹಂಚಿದ ಮೇಲೆ ಪ್ರತಿಯೊಂದೂ ತನ್ನ ಸೀಮೆಗೆ ಬೇಕಾದ ವಿದ್ಯುತ್ತನ್ನು ತಾನೇ ಹೊಂದಿಸಿಕೊಳ್ಳುತ್ತಿತ್ತು. ನೆರೆಯ ಜಾಲದೊಂದಿಗೆ ದೊಡ್ಡ ಸಂಪರ್ಕ ಕಟ್ಟುವ ಒತ್ತಡ ಯಾರ ಮೇಲೂ ಇರಲಿಲ್ಲ. ದುರಂತದ ನಂತರ ಹೊಸ ಹಿಡಾ-ಶಿನಾನೊ ಸಂಪರ್ಕವೂ ಸೇರಿ, 2021ರಲ್ಲಿ ಪರಿವರ್ತಕ ಕೇಂದ್ರಗಳ ಒಟ್ಟು ಸಾಮರ್ಥ್ಯ 2,100 ಮೆಗಾವ್ಯಾಟಿಗೆ ಏರಿತು.